ಮೊದಲು ರೋಡ್ ನೋಡ್ರಿ, ಆಮೇಲೆ ಹೋಟೆಲ್

ಅಮೆರಿಕದ ಫ್ಲೋರಿಡಾದಲ್ಲಿ ನಾಲ್ಕು ದೊಡ್ಡ ಮನರಂಜನಾ ಪಾರ್ಕ್, ಹತ್ತಾರು ಹೋಟೆಲ್ ಇರುವ ಡಿಸ್ನಿ ವರ್ಲ್ಡ್‌ನಲ್ಲಿ ಎಲ್ಲಿ ಹೊಸ ಹೋಟೆಲ್ ಬರುತ್ತದೆ, ಯಾವ ರೋಡ್ ತಿರುಗುತ್ತದೆ ಅಂತ ದಾವಣಗೆರೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವವನು ನಾನೊಬ್ಬನೇ ಇರಬೇಕು. ಲೇಔಟ್ ನಕ್ಷೆ ಬರೆದು ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಒಳ್ಳೆ ಟೈಂಪಾಸ್ ಇಲ್ಲ. ಬರಹ ಉದ್ದ ಇದೆ, ಬೇಸರ ಆಗುವವರು ಈಗಲೇ ಮುಂದಕ್ಕೆ ಹೋಗಬಹುದು.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕುಣಿದಾಡುತ್ತಿರುವ ಐದನೇ ಪಾರ್ಕ್ ಸದ್ಯಕ್ಕೆ ಬರಲ್ಲ. ಹೋಟೆಲ್ ಬರುತ್ತದೆ. ಅದೂ ಕೆರೆ ದಡದಲ್ಲಿ.

ಈ ಗುಲ್ಲು ಹುಟ್ಟಿದ್ದು ಎಲ್ಲಿಂದ ಅಂತ ನೋಡಿ. 2024ರ ಜೂನ್‌ನಲ್ಲಿ ಡಿಸ್ನಿಗೂ ಅಲ್ಲಿನ ಸ್ಥಳೀಯ ಆಡಳಿತಕ್ಕೂ ಒಂದು ಒಪ್ಪಂದ ಆಯಿತು. ಮುಂದಿನ 10ರಿಂದ 20 ವರ್ಷದಲ್ಲಿ ಡಿಸ್ನಿ 1,700 ಕೋಟಿ ಡಾಲರ್ ತನಕ ಹಾಕಬಹುದು. ಐದನೇ ದೊಡ್ಡ ಪಾರ್ಕ್ ಕಟ್ಟಬಹುದು. ಹೋಟೆಲ್ ರೂಮುಗಳು ಸುಮಾರು 40 ಸಾವಿರದಿಂದ 53,467ಕ್ಕೆ ಏರಬಹುದು. ಈ ಅಂಕಿ ನೋಡಿದ್ದೇ ತಡ, ಜನ ಪಾರ್ಕಿಗೆ ಹೆಸರೇ ಇಟ್ಟುಬಿಟ್ಟರು. ಸ್ವಾಮಿ, ಅದು ಮಿತಿ ಅಷ್ಟೇ. ಮೂರು ಅಂತಸ್ತಿಗೆ ಲೈಸೆನ್ಸ್ ತಗೊಂಡು, ಒಂದು ಅಂತಸ್ತು ಕಟ್ಟಿ, ಮೇಲೆ ಕಂಬಿ ಬಿಟ್ಟು ಕೂತವರು ನಮ್ಮೂರಲ್ಲಿ ಎಷ್ಟು ಜನ ಇಲ್ಲ?

ಡಿಸ್ನಿಯ ಜಾಗದಲ್ಲೂ ಇಂಥ ಕಂಬಿಗಳು ಬೇಕಾದಷ್ಟಿವೆ. 1971ರ ಅಕ್ಟೋಬರ್ 1ಕ್ಕೆ ಡಿಸ್ನಿ ವರ್ಲ್ಡ್ ಶುರುವಾದಾಗ ಎರಡು ದೊಡ್ಡ ಹೋಟೆಲ್ ಇದ್ದವು, ಕಾಂಟೆಂಪರರಿ ಮತ್ತು ಪಾಲಿನೇಷಿಯನ್. ನಕ್ಷೆಯಲ್ಲಿ ಇನ್ನೂ ಮೂರು ಇದ್ದವು. ಏಷ್ಯನ್, ವೆನೀಷಿಯನ್, ಪರ್ಷಿಯನ್. 1973ರ ತೈಲ ಬಿಕ್ಕಟ್ಟು ಬಂತು, ಮೂರೂ ನಕ್ಷೆಯಲ್ಲೇ ಉಳಿದವು. ಏಷ್ಯನ್ ಹೋಟೆಲಿಗೆ ಇಟ್ಟಿದ್ದ ಜಾಗದಲ್ಲಿ ಗ್ರ್ಯಾಂಡ್ ಫ್ಲೋರಿಡಿಯನ್ ಬಂದಿದ್ದು 1988ರಲ್ಲಿ. ಒಂದು ಸೈಟು 17 ವರ್ಷ ಖಾಲಿ ಬಿದ್ದಿತ್ತು ಅಂತಾಯ್ತು, ಅದೂ ಮೋನೋರೈಲ್ ಅನ್ನೋ ಒಂಟಿ ಹಳಿ ರೈಲು ಹಾದುಹೋಗುವ ಜಾಗದಲ್ಲಿ!

ಈಚಿನ ಉದಾಹರಣೆ ಬೇಕಾ? 2018ರಲ್ಲಿ ಅಲ್ಲಿನ ಬೇ ಲೇಕ್ ಅನ್ನೋ ಕೆರೆ ದಡದಲ್ಲಿ ರಿಫ್ಲೆಕ್ಷನ್ಸ್ ಅಂತ ಹೋಟೆಲ್ ಘೋಷಣೆ ಆಯಿತು. 2001ರಲ್ಲಿ ಮುಚ್ಚಿದ್ದ ರಿವರ್ ಕಂಟ್ರಿ ಅನ್ನೋ ಹಳೇ ವಾಟರ್ ಪಾರ್ಕಿನ ಜಾಗ ಅದು. 2022ಕ್ಕೆ ಬಾಗಿಲು ತೆರೆಯುತ್ತೇವೆ ಅಂದರು. ನೆಲ ಸಮ ಮಾಡಿದರು. ಕೊರೋನಾ ಬಂತು, ಕೆಲಸ ನಿಂತಿತು. ಆ ಹೋಟೆಲ್ ಸತ್ತೇಹೋಯಿತು ಅಂತ ಎಲ್ಲರೂ ಬರೆದರು. 2024ರಲ್ಲಿ ಅದೇ ಜಾಗದಲ್ಲಿ ಲೇಕ್‌ಶೋರ್ ಲಾಡ್ಜ್ ಅನ್ನೋ ಹೊಸ ಹೆಸರಲ್ಲಿ ಎದ್ದು ಬಂತು. ಈಗ 2027 ಅಂತಿದ್ದಾರೆ.

ಹಾಗಾದರೆ ಯಾವ ಮಾತು ನಂಬಬೇಕು? ನಾನು ರೋಡ್ ನಂಬುತ್ತೇನೆ.

ಡಿಸ್ನಿ ವರ್ಲ್ಡ್ ಹುಟ್ಟಿದ್ದೇ ರೋಡ್ ನೋಡಿ. 1963ರ ನವೆಂಬರ್‌ನಲ್ಲಿ ಕಂಪನಿ ಕಟ್ಟಿದ ವಾಲ್ಟ್ ಡಿಸ್ನಿ ವಿಮಾನದಲ್ಲಿ ಫ್ಲೋರಿಡಾದ ಒರ್ಲ್ಯಾಂಡೊ ನಗರದ ಮೇಲೆ ಸುತ್ತು ಹಾಕಿದರು. ಕೆಳಗೆ ಜೌಗು ಭೂಮಿ. ಆದರೆ ಇಂಟರ್‌ಸ್ಟೇಟ್ 4 ಹೆದ್ದಾರಿ ಮತ್ತು ಫ್ಲೋರಿಡಾ ಟರ್ನ್‌ಪೈಕ್ ಅನ್ನೋ ಟೋಲ್ ರೋಡ್ ಒಂದನ್ನೊಂದು ದಾಟುವ ಜಾಗ ಕಂಡಿತು. ಸಾಕು ಅಂದರು. ಆಮೇಲೆ ಬೇರೆ ಬೇರೆ ಹೆಸರಿನ ಡಮ್ಮಿ ಕಂಪನಿಗಳ ಮೂಲಕ ಸುಮಾರು 27,000 ಎಕರೆ ಕೊಂಡರು. 1965ರಲ್ಲಿ ಪೇಪರಿನವರು ಗುಟ್ಟು ಬಿಚ್ಚಿಡುವ ತನಕ ಕೊಳ್ಳುತ್ತಿರುವುದು ಯಾರು ಅಂತ ಊರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎಕರೆ ರೇಟ್ ಎಲ್ಲಿಗೆ ಹೋಗಿರಬೇಕು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಷ್ಟೊಂದು ಭೂಮಿ ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಕಲಿತ ಪಾಠ. 1955ರಲ್ಲಿ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದಾಗ ಇದ್ದಿದ್ದು 160 ಎಕರೆ. ಹೋಟೆಲ್ ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ. ಡಿಸ್ನಿಲ್ಯಾಂಡ್ ಹೆಸರಿನ ಹೋಟೆಲನ್ನೇ ಬೇರೆಯವರು ಕಟ್ಟಿದರು, ಕಂಪನಿ ಅದನ್ನು ಕೊಂಡಿದ್ದು 1988ರಲ್ಲಿ. ಗೇಟಿನ ಹೊರಗೆ ಸಾಲಾಗಿ ಮೋಟೆಲ್ ಎದ್ದವು. ಜನ ಬಂದಿದ್ದು ಮಿಕ್ಕಿ ಮೌಸ್‌ಗಾಗಿ, ರಾತ್ರಿ ಬಾಡಿಗೆ ಕೊಟ್ಟಿದ್ದು ಯಾರಿಗೋ. ಫ್ಲೋರಿಡಾದಲ್ಲಿ ಮತ್ತೆ ಹಾಗಾಗಬಾರದು ಅಂತ ಅಷ್ಟು ಭೂಮಿ.

ಭೂಮಿ ಮಾತ್ರ ಅಲ್ಲ, ರೋಡ್ ಹಾಕುವ ಅಧಿಕಾರವನ್ನೂ ತಗೊಂಡರು. ಇದು ನನಗೆ ಇಡೀ ಕಥೆಯಲ್ಲಿ ಬಲು ಇಷ್ಟವಾದ ಭಾಗ. 1967ರಲ್ಲಿ ಫ್ಲೋರಿಡಾ ಸರ್ಕಾರ ರೀಡಿ ಕ್ರೀಕ್ ಅನ್ನೋ ವಿಶೇಷ ಜಿಲ್ಲೆ ಮಾಡಿಕೊಟ್ಟಿತು. ರೋಡ್, ಚರಂಡಿ, ಅಗ್ನಿಶಾಮಕ, ಕಟ್ಟಡದ ಪರವಾನಗಿ, ಎಲ್ಲ ಆ ಜಿಲ್ಲೆಯದ್ದೇ. ಬೇಕಾದರೆ ಅಣು ವಿದ್ಯುತ್ ಸ್ಥಾವರ ಕಟ್ಟುವ ಅಧಿಕಾರವೂ ಇತ್ತು. ಆಡಳಿತ ಮಂಡಳಿಯನ್ನು ಆರಿಸುವವರು ಭೂಮಿ ಇದ್ದವರು, ಅಂದರೆ ಡಿಸ್ನಿ. ತೆರಿಗೆ ಕಟ್ಟುವವರೂ ಬಹುಪಾಲು ಅವರೇ. ಹೋಟೆಲ್ ಎಲ್ಲಿ ಬರುತ್ತೆ ಅಂತ ತೀರ್ಮಾನ ಮಾಡುವವರೇ ರೋಡ್ ಎಲ್ಲಿಗೆ ಹೋಗುತ್ತೆ ಅಂತಲೂ ತೀರ್ಮಾನ ಮಾಡುತ್ತಿದ್ದರು. ನಮ್ಮ ಕಡೆ ಒಂದು ಲೇಔಟಿನ ನಲವತ್ತು ಅಡಿ ರೋಡ್ ಪಕ್ಕದ ಲೇಔಟಿನ ಕಾಂಪೌಂಡಿಗೆ ಡಿಕ್ಕಿ ಹೊಡೆದು ನಿಲ್ಲುತ್ತದಲ್ಲ, ಅಂಥದ್ದು ಅಲ್ಲಿ ಆಗುವ ಚಾನ್ಸೇ ಇರಲಿಲ್ಲ.

2023ರಲ್ಲಿ ಫ್ಲೋರಿಡಾ ಗವರ್ನರ್ ಡಿಸ್ಯಾಂಟಿಸ್ ಜೊತೆಗಿನ ರಾಜಕೀಯ ಜಗಳದಲ್ಲಿ ಆ ಮಂಡಳಿ ಡಿಸ್ನಿಯ ಕೈತಪ್ಪಿತು. ಈಗ ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ, ಜಿಲ್ಲೆಯ ಹೆಸರೂ ಬದಲಾಯಿತು. ಕೋರ್ಟು ಕಚೇರಿ ಅಲೆದು 2024ರ ಮಾರ್ಚ್‌ನಲ್ಲಿ ರಾಜಿ. ಆ ರಾಜಿಯ ಮರಿಯೇ ಮೇಲೆ ಹೇಳಿದ ಜೂನ್ ಒಪ್ಪಂದ. ರಾಜಕೀಯದ ವಿಷಯ ಇಷ್ಟು ಸಾಕು.

ಈಗ ಅಸಲಿ ಮಜಾ. ಅಲ್ಲಿನ ನೆಲ ಜೌಗು ನೆಲ. ಸ್ವಲ್ಪ ಅಗೆದರೆ ನೀರು. ಚಿತ್ರದುರ್ಗದ ಕಡೆ ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದವರಿಗೆ ಇದು ಅರ್ಥ ಆಗೋದು ಕಷ್ಟ. ನಾಲ್ಕು ಪಾರ್ಕುಗಳಲ್ಲಿ ಮೊದಲನೆಯದಾದ ಮ್ಯಾಜಿಕ್ ಕಿಂಗ್‌ಡಮ್ ಕಟ್ಟುವಾಗ ಎದುರಿಗೆ ಕೆರೆ ತೋಡಿ, ಆ ಮಣ್ಣಲ್ಲೇ ನೆಲ ಎತ್ತರಿಸಿದರು. ಪಾರ್ಕಿನ ಕೆಳಗೆ ಕೆಲಸಗಾರರು ಓಡಾಡುವ ಸುರಂಗ ಅಂತೀವಲ್ಲ, ಅದು ನಿಜವಾಗಿ ನೆಲಮಟ್ಟದ್ದು. ನಾವು ಪಾರ್ಕಿನೊಳಗಿನ ಕೋಟೆ ಮುಂದೆ ಫೋಟೋ ತೆಗೆಸಿಕೊಳ್ಳುವ ಜಾಗವೇ ಎರಡನೇ ಅಂತಸ್ತು. ಇಂಥ ನೆಲದಲ್ಲಿ ಒಂದು ಪಾರ್ಕಿಂಗ್ ಲಾಟ್ ಮಾಡಬೇಕಾದರೂ ಮಳೆ ನೀರು ಎಲ್ಲಿಗೆ ಹರಿಯುತ್ತೆ ಅಂತ ನೀರು ನಿರ್ವಹಣಾ ಜಿಲ್ಲೆ ಅನ್ನೋ ಬೇರೆ ಸರ್ಕಾರಿ ಸಂಸ್ಥೆಗೆ ಲೆಕ್ಕ ಕೊಟ್ಟು ಪರ್ಮಿಟ್ ತಗೋಬೇಕು. ಆ ಪರ್ಮಿಟ್ ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ನೋಡಬಹುದು. ಅಭಿಮಾನಿಗಳು ಅದನ್ನೇ ಕೆದಕುತ್ತಾರೆ. ಕಂಪನಿ ಬಾಯಿ ಬಿಡುವ ಎಷ್ಟೋ ಮೊದಲೇ ಹೊಸ ಹೊಂಡ, ಹೊಸ ಕಾಲುವೆ, ಕಟ್ಟಡದ ಆಕಾರ, ಎಲ್ಲ ಹೊರಗೆ ಬಂದುಬಿಡುತ್ತದೆ. ಇದನ್ನು ನಾನು ಗಾಳಿಸುದ್ದಿ ಅಂತ ಕರೆಯಲ್ಲ. ಇದು ಓದಿ ಮಾಡುವ ಊಹೆ.

ವರ್ಲ್ಡ್ ಡ್ರೈವ್ ಕೆಲಸ ತಗೊಳ್ಳಿ. ಡಿಸ್ನಿ ವರ್ಲ್ಡ್‌ನ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಮುಖ್ಯ ರೋಡ್ ಅದು. ಅದರ ಉತ್ತರದ ತುದಿಯನ್ನು ಹಂತ ಹಂತವಾಗಿ ಅಗಲ ಮಾಡಿ, ಪಾಲಿನೇಷಿಯನ್ ಮತ್ತು ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲ್‌ಗಳ ಕಡೆಗೆ ತಿರುಗಿಸಿದರು. ಅದಕ್ಕಾಗಿ ಮ್ಯಾಗ್ನೋಲಿಯಾ ಗಾಲ್ಫ್ ಮೈದಾನದ ಒಂದಷ್ಟು ಭಾಗವನ್ನೇ ಹೊಸದಾಗಿ ಮಾಡಬೇಕಾಯಿತು. ಆಗ ಎಲ್ಲರೂ ಸುಮ್ನೆ ಟ್ರಾಫಿಕ್ ಕಡಿಮೆ ಮಾಡೋಕೆ ಅಂದುಕೊಂಡರು. ಮುಂದೇನಾಯಿತು? 2024ರ ಡಿಸೆಂಬರ್ 17ಕ್ಕೆ ಪಾಲಿನೇಷಿಯನ್ ಪಕ್ಕದಲ್ಲಿ ಐಲ್ಯಾಂಡ್ ಟವರ್ ಅನ್ನೋ ದೊಡ್ಡ ಕಟ್ಟಡ ಬಾಗಿಲು ತೆರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ 'ಕಾರ್ಸ್' ಸಿನಿಮಾ ಮತ್ತು ಡಿಸ್ನಿ ಸಿನಿಮಾಗಳ ವಿಲನ್‌ಗಳ ಹೊಸ ಭಾಗ ಘೋಷಣೆ ಆಯಿತು. 2025ರ ಜುಲೈನಲ್ಲಿ ಪಾರ್ಕಿನೊಳಗಿನ ಹಳೇ ಕೃತಕ ನದಿಯನ್ನೇ ಮುಚ್ಚಿ ಕೆಲಸ ಶುರುಮಾಡಿದರು. ಈ ಎಲ್ಲ ಘೋಷಣೆಗಿಂತ ಮುಂಚೆ ರೋಡಿನ ಕೆಲಸ ಶುರುವಾಗಿತ್ತು. ಜನರನ್ನು ಕರೆಯುವ ಮೊದಲು ದಾರಿ ಮಾಡಿದ್ದಾರೆ, ಅಷ್ಟೇ.

ಮತ್ತೆ, ಹೋಟೆಲೇ ಬರುತ್ತದೆ ಅಂತ ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ದುಡ್ಡು. 1991ರಿಂದ ಡಿಸ್ನಿ ಒಂದು ವೆಕೇಷನ್ ಕ್ಲಬ್ ನಡೆಸುತ್ತಿದೆ. ಸುಮಾರು 50 ವರ್ಷ, ಪ್ರತಿ ವರ್ಷ ಒಂದಿಷ್ಟು ದಿನ ಉಳಿದುಕೊಳ್ಳುವ ಹಕ್ಕನ್ನು ಇವತ್ತೇ ಮಾರುತ್ತಾರೆ. ಅದರ ಮೇಲೆ ವರ್ಷಾ ವರ್ಷ ನಿರ್ವಹಣೆ ಶುಲ್ಕ ಬೇರೆ. ಪಾರ್ಕ್ ಕಟ್ಟಿದರೆ ದುಡ್ಡು ಟಿಕೆಟ್ ಲೆಕ್ಕದಲ್ಲಿ ನಿಧಾನಕ್ಕೆ ಬರುತ್ತದೆ. ಇಲ್ಲಿ ಸೈಟ್ ಮಾರಿದ ಹಾಗೆ ಮುಂಗಡವಾಗಿ ಬರುತ್ತದೆ. 2019ರಲ್ಲಿ ತೆರೆದ ರಿವಿಯೆರಾ ಹೋಟೆಲ್ ಕ್ಲಬ್ಬಿನದು. ಐಲ್ಯಾಂಡ್ ಟವರ್ ಕ್ಲಬ್ಬಿನದು. ಬರಲಿರುವ ಲೇಕ್‌ಶೋರ್ ಲಾಡ್ಜ್ ಕೂಡ. ಕ್ಲಬ್ಬಿನದಲ್ಲದ ಒಂದು ಸಾಹಸ ಮಾಡಿದ್ದರು, ಸ್ಟಾರ್ ವಾರ್ಸ್ ಹಡಗಿನಂಥ ನೂರು ರೂಮಿನ ಹೋಟೆಲ್. 2022ರ ಮಾರ್ಚ್‌ನಲ್ಲಿ ತೆರೆದು 2023ರ ಸೆಪ್ಟೆಂಬರ್‌ನಲ್ಲಿ ಬೀಗ ಹಾಕಿದರು. ಎರಡು ವರ್ಷವೂ ನಡೆಯಲಿಲ್ಲ. ಲೆಕ್ಕ ಬಲ್ಲ ಕಂಪನಿ ಮುಂದೆ ಯಾವ ಕಡೆ ಹೋಗುತ್ತದೆ, ನೀವೇ ಹೇಳಿ.

ಒರ್ಲ್ಯಾಂಡೊದಲ್ಲಿ ನನ್ನ ಅಕ್ಕನ ಮಗ ಇದ್ದಾನೆ. ಅವನಿಗೆ ಅಲ್ಲಿ ಒಬ್ಬ ಬ್ರೋಕರ್ ಮನೆ ತೋರಿಸಿ, "ಐದನೇ ಪಾರ್ಕ್ ಈ ಕಡೆಯೇ, ಈಗ ತಗೊಂಡರೆ ಲಾಭ" ಅಂದನಂತೆ. ನನಗೆ ನಗು ಬಂತು. ಬ್ರೋಕರ್ ಯಾವ ದೇಶದವನಾದರೂ ಬ್ರೋಕರೇ. "ರಿಂಗ್ ರೋಡ್ ಇಲ್ಲೇ ಬರುತ್ತೆ ಸಾರ್, ಬಸ್ ಸ್ಟ್ಯಾಂಡ್ ಶಿಫ್ಟ್ ಆಗುತ್ತೆ ಸಾರ್" ಅಂತ ಹದಡಿ ರೋಡಿನಲ್ಲಿ ಕೇಳಿದ ಮಾತು ನೆನಪಾಯಿತು. ಮನೆ ಇಷ್ಟ ಆದರೆ ತಗೋ, ಆಫೀಸಿಗೆ ಹತ್ತಿರ ಇದ್ದರೆ ತಗೋ, ಪಾರ್ಕ್ ನಂಬಿ ಒಂದು ಡಾಲರೂ ಜಾಸ್ತಿ ಕೊಡಬೇಡ ಅಂದೆ.

ಇನ್ನು ನಮ್ಮ ಚಿತ್ರದುರ್ಗ. ಕೋಟೆ ಬುಡದಲ್ಲಿ ಫೈವ್ ಸ್ಟಾರ್ ಹೋಟೆಲ್ ಬರಬೇಕು ಅಂತ ಆಗಾಗ ಯಾರಾದರೂ ಬರೆಯುತ್ತಾರೆ. ಬರಲ್ಲ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಸರಿಯಾದ ಕಾನೂನೇ. ಆದರೆ ನಮ್ಮ ನಿಜವಾದ ಸಮಸ್ಯೆ ಹೋಟೆಲ್ ಅಲ್ಲ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್, ಹೈವೇ ಚೆನ್ನಾಗಿದೆ. ಬೆಳಗ್ಗೆ ಬರುತ್ತಾರೆ, ಏಳು ಸುತ್ತು ನೋಡುತ್ತಾರೆ, ಓಬವ್ವನ ಕಿಂಡಿ ಮುಂದೆ ಸೆಲ್ಫಿ ತೆಗೆಯುತ್ತಾರೆ, ಸಂಜೆಗೆ ವಾಪಸ್. ಇಲ್ಲದಿದ್ದರೆ ಹಾಗೇ ಹಂಪಿ ಕಡೆಗೆ. ರೋಡ್ ಸುಧಾರಿಸಿದಷ್ಟೂ ರಾತ್ರಿ ಉಳಿಯುವವರು ಕಡಿಮೆ. ಚಂದ್ರವಳ್ಳಿ, ಜೋಗಿಮಟ್ಟಿ ಇಷ್ಟು ಹತ್ತಿರ ಇದ್ದರೂ ಕೋಟೆಯಿಂದ ಅಲ್ಲಿಗೆ ಕರೆದುಕೊಂಡು ಹೋಗಿ ಬಿಡುವ ಒಂದು ಸಲೀಸಾದ ಬಸ್ ವ್ಯವಸ್ಥೆ ಇರಬೇಕು ಅಂತ ಯಾರಿಗೂ ಅನಿಸುವುದಿಲ್ಲ.

ಡಿಸ್ನಿ ಇದನ್ನೇ ಉಲ್ಟಾ ಮಾಡಿತು. 2005ರಿಂದ 2021ರ ಕೊನೆಯವರೆಗೆ ವಿಮಾನ ನಿಲ್ದಾಣದಿಂದ ತನ್ನ ಹೋಟೆಲಿಗೆ ಬಸ್ ಫ್ರೀ ಬಿಟ್ಟಿತ್ತು. ಫ್ರೀ ಅಂತ ಜನ ಖುಷಿಯಾದರು. ಕಾರು ಬಾಡಿಗೆ ಹಿಡಿಯಲಿಲ್ಲ. ಕಾರು ಇಲ್ಲದವರು ಊಟಕ್ಕೂ ಹೊರಗೆ ಹೋಗಲಿಲ್ಲ. ಎಂಥಾ ತಲೆ ನೋಡಿ!

ಯಾವ ಸುಳಿವು ಸಿಕ್ಕರೆ ನನ್ನ ಲೆಕ್ಕ ಬದಲಾಗುತ್ತದೆ ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಈಗಿರುವ ನಾಲ್ಕು ಪಾರ್ಕಿಗೂ ಸಂಬಂಧ ಇಲ್ಲದ ಖಾಲಿ ಜಾಗಕ್ಕೆ ಜಿಲ್ಲೆಯ ಬಜೆಟ್‌ನಲ್ಲಿ ಹೊಸ ನಾಲ್ಕು ಲೇನ್ ರೋಡ್ ಬರಬೇಕು. ಮಳೆ ನೀರಿಗೆ ದೊಡ್ಡ ಹೊಂಡದ ಪರ್ಮಿಟ್ ಬರಬೇಕು. ವಿದ್ಯುತ್ ಸಬ್‌ಸ್ಟೇಷನ್ ಬರಬೇಕು. ಭೂಮಿಯ ಮೂರನೇ ಒಂದು ಭಾಗ ಸಂರಕ್ಷಣೆಗೆ ಮೀಸಲು, ಹಾಗಾಗಿ ಕಣ್ಣಿಡಬೇಕಾದ ಜಾಗಗಳೂ ಬಹಳ ಇಲ್ಲ. ಅಂಥ ಖಾಲಿ ಜಾಗಕ್ಕೆ ಒಳಚರಂಡಿ ಟೆಂಡರ್ ಆದ ದಿನ ಐದನೇ ಪಾರ್ಕ್ ಬಂತು ಅಂತ ನಾನೇ ಪೋಸ್ಟ್ ಹಾಕುತ್ತೇನೆ. ಲೋಗೋ ಬಿಟ್ಟ ದಿನ ಅಲ್ಲ.