ಸದ್ದಿನ ವಿರುದ್ಧ ಭಾಷಣಕ್ಕಿಂತ ಮೊದಲು ಅಳತೆ ಬೇಕು

ಶಬ್ದಮಾಲಿನ್ಯದ ವಿಷಯದಲ್ಲಿ ವಿಜ್ಞಾನ ಸಂಘಗಳ ಕೆಲಸ ಬಹಳ ಸಲ ಒಂದು ಉಪನ್ಯಾಸ, ಒಂದು ಜಾಥಾಕ್ಕೆ ಮುಗಿದುಬಿಡುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಗದ್ದಲ ಕೆಟ್ಟದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಕೈಯಲ್ಲಿ ಇಲ್ಲದಿರುವುದು ಯಾರೂ ತಳ್ಳಿಹಾಕಲಾಗದ ಅಳತೆ. ಅದನ್ನು ಒದಗಿಸುವುದೇ ಸಂಘಗಳ ಮೊದಲ ಹೊಣೆ ಎಂದು ನಾನು ನಂಬುತ್ತೇನೆ.

ದೂರು ಕೊಡುವವರು ಮೊಬೈಲ್ ಆ್ಯಪ್‌ನ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. "ಇದು ಸರಿ ಅನ್ನೋದಕ್ಕೆ ಏನು ಆಧಾರ?" ಎಂದು ಎದುರಿನವರು ಕೇಳಿದರೆ ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ನ್ಯಾಯವಾದದ್ದೇ. ಫೋನಿನ ಮೈಕು ಇರುವುದು ಮಾತಿಗಾಗಿ. ಎಷ್ಟೋ ಫೋನುಗಳು ಜೋರು ಸದ್ದನ್ನು ತಾವೇ ತಗ್ಗಿಸುತ್ತವೆ, ಬೇಸ್ ಸದ್ದನ್ನು ಸೋಸಿಬಿಡುತ್ತವೆ.

ಆದ್ದರಿಂದ ಸಂಘದ ಹತ್ತಿರ ಐಇಸಿ 61672 ಎಂಬ ಅಂತರರಾಷ್ಟ್ರೀಯ ಮಾನದಂಡದ ಒಂದು ಸೌಂಡ್ ಲೆವೆಲ್ ಮೀಟರ್ (ಸದ್ದು ಅಳೆಯುವ ಉಪಕರಣ) ಇರಲಿ. ಜೊತೆಗೆ ಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸುವ ಕ್ಯಾಲಿಬ್ರೇಟರ್ ಇರಲೇಬೇಕು. ಅದನ್ನು ಮೈಕಿನ ಮೂತಿಗೆ ತೊಡಿಸಿ ಗುಂಡಿ ಒತ್ತಿದರೆ 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಸದ್ದು ಬರುತ್ತದೆ. ಅಳೆಯುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿ ಬರೆದಿಡಿ. ಎರಡಕ್ಕೂ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಅಳತೆಯನ್ನು ಕೈಬಿಡಿ, ಎಷ್ಟೇ ಕಷ್ಟಪಟ್ಟಿದ್ದರೂ ಸರಿ. ಮೀಟರ್ ಕೈಯಲ್ಲಿ ಬೇಡ, ಟ್ರೈಪಾಡ್ ಮೇಲಿರಲಿ: ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಗೋಡೆಯಿಂದ 3.5 ಮೀಟರಾದರೂ ದೂರ. ಗೋಡೆಯ ಹತ್ತಿರ ಇಟ್ಟರೆ ಬಡಿದು ವಾಪಸು ಬಂದ ಸದ್ದು ಸೇರಿ ಸುಮಾರು 3 ಡೆಸಿಬೆಲ್ ಹೆಚ್ಚಾಗುತ್ತದೆ. ಮೈಕಿಗೆ ಸ್ಪಂಜಿನ ಗವಸು ಮರೆಯಬೇಡಿ.

ತಪ್ಪು ಹೆಚ್ಚಾಗಿ ನುಸುಳುವುದು ಲೆಕ್ಕದಲ್ಲಿ. ಅರ್ಧ ಗಂಟೆ 60, ಇನ್ನರ್ಧ ಗಂಟೆ 80 ಡೆಸಿಬೆಲ್ ಇದ್ದರೆ ಸರಾಸರಿ 70 ಎಂದು ಬರೆಯುವವರಿದ್ದಾರೆ. ಡೆಸಿಬೆಲ್ ಹಾಗೆ ಕೂಡಿ ಭಾಗಿಸುವ ಅಳತೆಯಲ್ಲ. ಶಕ್ತಿಯ ಲೆಕ್ಕದಲ್ಲಿ ಸರಾಸರಿ 77 ಆಗುತ್ತದೆ. ಹಿನ್ನೆಲೆಯ ಸದ್ದೂ ಹಾಗೆಯೇ. ಯಂತ್ರ ನಿಂತಾಗ 55, ಓಡುವಾಗ 58 ಇದ್ದರೆ ಯಂತ್ರದ್ದೇ ಪಾಲು 55. ಯಂತ್ರ ನಿಲ್ಲಿಸಿ ಅಳೆಯದಿದ್ದರೆ ಈ ವಿಷಯ ಗೊತ್ತೇ ಆಗುವುದಿಲ್ಲ.

ಜನರೇಟರ್, ಸಬ್‌ವೂಫರ್ ದೂರುಗಳಲ್ಲಿ ಇನ್ನೊಂದು ತೊಡಕಿದೆ. ಎಲ್ಲರೂ ಬಳಸುವ, ಕಿವಿಗೆ ಕೇಳುವ ರೀತಿಗೆ ಹೊಂದಿಸಿದ 'ಎ' ತೂಕದ ಅಳತೆ 63 ಹರ್ಟ್ಸ್‌ನಂಥ ತಗ್ಗು ಸ್ವರದ ಸದ್ದನ್ನು 26 ಡೆಸಿಬೆಲ್‌ನಷ್ಟು ಕಡಿಮೆ ತೋರಿಸುತ್ತದೆ. ಕಿಟಕಿ ನಡುಗುತ್ತಿದ್ದರೂ ಅಂಕಿ ಮಿತಿಯೊಳಗೇ ಇರಬಹುದು. ತಗ್ಗು ಸ್ವರವನ್ನು ಅಷ್ಟಾಗಿ ಕಡಿಮೆ ಮಾಡದ 'ಸಿ' ತೂಕದಲ್ಲೂ ಅಳೆಯಿರಿ. ಎರಡರ ನಡುವೆ 15ರಿಂದ 20 ಡೆಸಿಬೆಲ್ ಅಂತರ ಕಂಡರೆ ದೂರಿನಲ್ಲಿ ಅದನ್ನು ಬೇರೆಯಾಗಿಯೇ ಬರೆಯಿರಿ.

ಅಳತೆಯ ಆಚೆಗೆ ಮಾನದಂಡದ ಕೆಲಸವಿದೆ. 1929ರಲ್ಲಿ ಹುಟ್ಟಿದ ಅಮೆರಿಕದ ಧ್ವನಿವಿಜ್ಞಾನ ಸಂಘ ಅಕೌಸ್ಟಿಕಲ್ ಸೊಸೈಟಿಯ ಮೂಲಕ 2002ರಲ್ಲಿ ತರಗತಿ ಕೋಣೆಗಳ ಮಾನದಂಡ ಬಂತು: ಸಾಮಾನ್ಯ ಅಳತೆಯ ಖಾಲಿ ತರಗತಿಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್, ಅನುರಣನ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಮೊಳಗಿ ಅಡಗುವ ಹೊತ್ತು) 0.6 ಸೆಕೆಂಡು ಮೀರಬಾರದು. ಸೊಸೈಟಿ ಅದನ್ನು ಉಚಿತವಾಗಿ ಹಂಚಿದ್ದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ಶಾಲೆಯ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಪೋಷಕರೊಬ್ಬರು ಅದನ್ನು ಮುಂದಿಟ್ಟು ಪ್ರಶ್ನೆ ಕೇಳಬಹುದು. ಕಟ್ಟಿದ ಮೇಲೆ ಗೋಡೆ ಒಡೆಯಲು ಯಾರೂ ಒಪ್ಪುವುದಿಲ್ಲ.

ಸಂಘ ಅಳೆದದ್ದೆಲ್ಲ ಬಯಲಿನಲ್ಲಿರಲಿ: ಜಾಗ, ಸಮಯ, ಮೀಟರಿನ ಮಾದರಿ, ಕ್ಯಾಲಿಬ್ರೇಷನ್ ಅಂಕಿ. ಆ ಅಳತೆಗೆ ಹಣ ಕೊಟ್ಟವರು ಯಾರು ಎಂಬುದೂ ಅದೇ ಹಾಳೆಯಲ್ಲಿರಲಿ.