ಮಾತು ಕಲಿಸುವವಳು ಮಾತಾಡುವ ಹಾಗಿಲ್ಲ

ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮಗನಿಗೆ ಏಳು ವರ್ಷವಾದರೂ ‘ರ’ ಬರುವುದಿಲ್ಲ. ಮನೆಯಲ್ಲಿ ರೊಟ್ಟಿ ‘ವೊಟ್ಟಿ’, ಶಾಲೆಯಲ್ಲಿ ರ‍್ಯಾಬಿಟ್ ‘ವ್ಯಾಬಿಟ್’. ನಾನು ಅಲ್ಲಿಗೆ ಹೊರಟಾಗ ಅಮ್ಮನೂ ಬಂದಳು, ಚೀಲದಲ್ಲಿ ಒಂದು ತುಂಡು ಬಜೆ ಬೇರು ಇಟ್ಟುಕೊಂಡು. ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ತಾನಾಗಿ ತಿರುಗುತ್ತದಂತೆ. ತಂಗಿ ಬಿಡಲಿಲ್ಲ. ಶಾಲೆಯಲ್ಲೇ ಸ್ಪೀಚ್ ಥೆರಪಿ ಇದೆಯಲ್ಲ!

ಒಂದು ದಿನ ಮೂವರೂ ಹೋದೆವು. ಥೆರಪಿ ಕೋಣೆ ಅಂದರೆ ಹಳೇ ಕುರ್ಚಿ ಪೇರಿಸಿಟ್ಟ ಗೂಡು. ಒಂದು ಕೈಗನ್ನಡಿ, ಒಂದು ಮೊಲದ ಕಾರ್ಡು. ಕಲಿಸುವ ಹುಡುಗಿ ಥೆರಪಿಸ್ಟ್ ಅಲ್ಲ, ಅಸಿಸ್ಟೆಂಟ್. ನಾಲಿಗೆ ಹಿಂದಕ್ಕೆಳೆಯುವುದು ಹೇಗೆ ಅಂತ ತಾನೇ ಬಾಯಿ ತೆರೆದು ತೋರಿಸಿದಳು. ಐದನೇ ಸಲಕ್ಕೆ ಹುಡುಗ ಅರ್ಧ ‘ರ’ ಹೊರಡಿಸಿಯೇಬಿಟ್ಟ. ಆಕೆ ಹಾಳೆಯಲ್ಲಿ ಒಂದು ಗೀಟು ಎಳೆದಳು.

“ಇವನಿಗೆ ಏನು ತೊಂದರೆ?” ತಂಗಿ ಕೇಳಿದಳು.

“ಅದನ್ನು ನಾನು ಹೇಳುವ ಹಾಗಿಲ್ಲ. ನನ್ನ ಸೂಪರ್‌ವೈಸರನ್ನು ಕೇಳಿ.”

“ಅವರೆಲ್ಲಿ?”

“ಇನ್ನೊಂದು ಶಾಲೆಯಲ್ಲಿ.”

“ಸ್ವಲ್ಪ ಸುಧಾರಿಸಿದ್ದಾನೆ, ಅಲ್ವಾ?”

ಬರೀ ನಗು.

ಆಕೆಯ ತಪ್ಪಲ್ಲ. ಅಲ್ಲಿನ ಸ್ಪೀಚ್ ಥೆರಪಿಸ್ಟುಗಳ ರಾಷ್ಟ್ರೀಯ ಸಂಘದ ಹೆಸರು ಚುಟುಕಾಗಿ ‘ಆಶಾ’. ಅದರ 2013ರ ಮಾರ್ಗಸೂಚಿ ಓದಿದೆ. 2022ರಲ್ಲಿ ಹೊಸದು ಬಂದಿದೆ; ಹಳೆಯದರಲ್ಲಿ ಇದ್ದದ್ದು ಹೀಗೆ: ಅಸಿಸ್ಟೆಂಟ್ ಕನಿಷ್ಠ 100 ಗಂಟೆ ಪ್ರಾಯೋಗಿಕ ಕೆಲಸ ಮಾಡಿರಬೇಕು. ಅಷ್ಟಾದ ಮೇಲೂ ತೊಂದರೆಗೆ ಹೆಸರಿಡುವ ಹಾಗಿಲ್ಲ, ಪರೀಕ್ಷೆಯ ಅರ್ಥ ಬಿಡಿಸುವ ಹಾಗಿಲ್ಲ, ಹೆತ್ತವರ ಸಭೆಗೆ ಒಬ್ಬಳೇ ಹೋಗುವ ಹಾಗಿಲ್ಲ. ಮೊದಲ 90 ಕೆಲಸದ ದಿನ ಆಕೆಯ ಕೆಲಸದ ಕನಿಷ್ಠ ಶೇ. 30ರಷ್ಟಕ್ಕೆ ಮೇಲ್ವಿಚಾರಣೆ. ಆ 30ರಲ್ಲಿ 20 ಕಣ್ಣೆದುರೇ ಆಗಬೇಕು, 10 ಪರೋಕ್ಷವಾಗಿ. ಶೇಕಡಾ ಲೆಕ್ಕದಲ್ಲಿ ಹಿಡಿಯುವುದು ಮಾವಿನಹಣ್ಣಿನ ಕಮಿಷನ್ ಅಂತ ತಿಳಿದಿದ್ದೆ, ಕಣ್ಣಿನ ನೋಟಕ್ಕೂ ಉಂಟು.

ನಿಗಾ ಬೇಡ ಅಂತಲ್ಲ. ಅರೆಬರೆ ಕಲಿತವರ ಕೈಗೆ ಮಗುವಿನ ನಾಲಿಗೆ ಕೊಡಲು ಯಾರಿಗೆ ಧೈರ್ಯ? ಆದರೆ ನೋಡಬೇಕಾದ ಸೂಪರ್‌ವೈಸರ್ ತಲೆಯ ಮೇಲೆ 50ರ ಸುಮಾರು ಮಕ್ಕಳಿರುವುದು ಅಲ್ಲಿ ಮಾಮೂಲು. ಆ ಹೊರೆ ಇಳಿಸಲಿ ಅಂತಲೇ ಅಸಿಸ್ಟೆಂಟ್ ಬಂದದ್ದು. ಈಗ ಮಕ್ಕಳ ಜೊತೆ ಅಸಿಸ್ಟೆಂಟನ್ನೂ ನೋಡಬೇಕು, ನೋಡಿದ್ದನ್ನು ಬರೆಯಬೇಕು, ಬರೆದದ್ದಕ್ಕೆ ಸಹಿ ಹಾಕಬೇಕು. ಇಷ್ಟಾಗಿ ನಿಯಮ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡಿ. ಅಸಿಸ್ಟೆಂಟ್ ಆಗಲು ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದ ಪದವಿ ಸಾಕು, ಟೆಕ್ಸಾಸ್‌ಗೆ ನಾಲ್ಕು ವರ್ಷದ್ದೇ ಬೇಕು. ಮೊಲ ಮಾತ್ರ ಎರಡೂ ಕಡೆ ‘ವ್ಯಾಬಿಟ್’ ಆಗಿಯೇ ಓಡುತ್ತಿದೆ.

ಮನೆಗೆ ಬಂದವಳೇ ಅಮ್ಮ ಚೀಲದಿಂದ ಬಜೆ ತೆಗೆದಳು. ತಂಗಿ ಕಣ್ಣು ಬಿಟ್ಟಳು.

“ನಿನ್ನ ಮಗನಿಗಲ್ಲ ಕಣೇ,” ಅಂದಳು ಅಮ್ಮ. “ಆ ಹುಡುಗಿಗೆ ತೇಯ್ದು ಕೊಡೋಣ ಅಂತ. ಪಾಪ, ಏನು ಕೇಳಿದರೂ ಮಾತೇ ಹೊರಡಲ್ಲ.”