ಉಸಿರು ಬಿಡಿ, ಫೋಟೋ ಅಪ್‌ಲೋಡ್ ಮಾಡಿ

ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ನೌಕರರ ಒತ್ತಡ ಇಳಿಸುವ ಕಾರ್ಯಾಗಾರಕ್ಕೆ ನಾಲ್ಕನೇ ಶನಿವಾರದಷ್ಟು ಪ್ರಶಸ್ತ ಮುಹೂರ್ತ ಬೇರೆ ಇಲ್ಲ. 2019ರಲ್ಲಿ ಈ ರಜೆ ಕೊಟ್ಟಾಗ ಸರ್ಕಾರ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಐದು ಸಿಎಲ್ ತೆತ್ತು ಕೊಂಡ ರಜೆ ಅದು. ಅವತ್ತು ಕರೆಸಿದರೆ ಕಚೇರಿ ಕೆಲಸವಂತೂ ಕೆಡುವುದಿಲ್ಲ. ಮನೆ ಕೆಲಸ ಕೆಡುತ್ತದೆ, ಅದಕ್ಕೆ ಕಡತವಿಲ್ಲ.

ಸುತ್ತೋಲೆ ಶುಕ್ರವಾರ ಸಂಜೆ ಐದೂವರೆ ಮೇಲೆ ವಾಟ್ಸಾಪ್ ಗುಂಪಿಗೆ ಬೀಳಬೇಕು. 'ತಪ್ಪದೇ ಹಾಜರಾಗತಕ್ಕದ್ದು, ಗೈರಾದಲ್ಲಿ ಶಿಸ್ತು ಕ್ರಮ' ಎಂಬ ಸಾಲು ಇಲ್ಲದಿದ್ದರೆ ನೆಮ್ಮದಿಗೆ ತೂಕ ಬರುವುದಿಲ್ಲ. ಸಕಲೇಶಪುರದ ಹೆತ್ತೂರು ಕಡೆಯವರು ಮೊದಲ ಬಸ್ಸಿಗೇ ಹೊರಡಬೇಕು. ದಾರಿಯಲ್ಲಿ ಆನೆ ನಿಂತಿದ್ದರೆ ಮನೋನಿಗ್ರಹದ ಪ್ರಾಯೋಗಿಕ ತರಗತಿ ಅಲ್ಲೇ ಮುಗಿಯಿತು. ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂವರೆಗೆ ಶುರು. ಗಿಡಕ್ಕೆ ನೀರು, ಹಾರ, ಗಣ್ಯರ ಮಾತು. ಇದೆಲ್ಲ ಗೊತ್ತಿದ್ದದ್ದೇ.

ಸಂಪನ್ಮೂಲ ವ್ಯಕ್ತಿ ಕಲಿಸುವ ಉಸಿರಾಟದಲ್ಲಿ ಮೋಸವಿಲ್ಲ, ಅದನ್ನು ಒಪ್ಪಬೇಕು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ ಸಾಕು. ಹೊರಗೆ ಬಿಡುವುದು ನಿಧಾನವಾದಷ್ಟೂ ವೇಗಸ್ ನರ ಎದೆಬಡಿತ ತಗ್ಗಿಸುತ್ತದೆ. ಬದಲಿಗೆ ಬುಸಬುಸ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಸಭಾಂಗಣದಲ್ಲಿ ಆಗುವುದು ಈ ಎರಡನೆಯದೇ. ಮೈಕಿನಲ್ಲಿ ಎಣಿಸುವವರಿಗೆ ಊಟದೊಳಗೆ ಮುಗಿಸುವ ಅವಸರ. 'ಮೂರು' ಎನ್ನುವಷ್ಟರಲ್ಲಿ ತೊಡೆ ಮೇಲಿನ ಫೋನು ನಡುಗುತ್ತದೆ: 'ಅತಿ ತುರ್ತು. ಬಾಕಿ ಇರುವ ಆಧಾರ್ ಜೋಡಣೆ ವಿವರ 12.30ರೊಳಗೆ. ಈಗಾಗಲೇ ನೀಡಿದ್ದಲ್ಲಿ ಮತ್ತೊಮ್ಮೆ ನೀಡುವುದು.' ಒಂದೊಂದೇ ಕಣ್ಣು ತೆರೆಯುತ್ತದೆ. ಒಳಗೆ ಎಳೆದ ಉಸಿರು ಅಲ್ಲೇ ನಿಂತಿರುತ್ತದೆ. ಆ ಸಂದೇಶ ಕಳಿಸಿದ ಸಾಹೇಬರು ವೇದಿಕೆ ಮೇಲೆ ಎರಡೂ ಕಣ್ಣು ಮುಚ್ಚಿ ಪ್ರಶಾಂತವಾಗಿ ಕೂತಿರುತ್ತಾರೆ.

ಆ ವಿವರ ಕೊಡುವುದೂ ಒಂದು ಸಲದ ಕೆಲಸವಲ್ಲ. ತಾಲ್ಲೂಕಿಗೆ ಎಕ್ಸೆಲ್, ಜಿಲ್ಲೆಗೆ ಗೂಗಲ್ ಶೀಟ್, ಬೆಂಗಳೂರಿಗೆ ಸಹಿ ಮಾಡಿ ಸ್ಕ್ಯಾನ್ ಮಾಡಿದ ಪಿಡಿಎಫ್. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ತಿರುಗಿಸದೆ ಶೀಟಿಗೆ ಅಂಟಿಸಿದಿರೋ, 'ನ' ಇದ್ದಲ್ಲಿ ಪೌಂಡಿನ ಗುರುತು, 'ಪ' ಇದ್ದಲ್ಲಿ ಯೆನ್ನಿನ ಗುರುತು. ನಂಜಪ್ಪ, ಪುಟ್ಟಪ್ಪರೆಲ್ಲ ವಿದೇಶಿ ವಿನಿಮಯದಲ್ಲಿ ನಿಂತಿರುತ್ತಾರೆ. ಪರಿವರ್ತಕಕ್ಕೆ ಹಾಕಿದರೂ ಅರ್ಕಾವತ್ತು ಕೈಕೊಡುವುದುಂಟು, ಒಂದೊಂದಾಗಿ ಕೂತು ತಿದ್ದಬೇಕು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದರೆ ಸರದಿ ಸಾಲಿನ ಡ್ಯೂಟಿ ಬೇರೆ. ಅಷ್ಟು ದಿನ ಮೇಜಿನ ಮೇಲಿನ ಕಡತವೇನೂ ದೇವಿ ದಯೆಯಿಂದ ವಿಲೇವಾರಿ ಆಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತದ್ದು ಪ್ರಾಣಾಯಾಮ ಹೇಳಿಕೊಟ್ಟಿಲ್ಲವೆಂದಲ್ಲ, ಮೊಬೈಲಿಗೆ ಆ್ಯಪ್ ಮೇಲೆ ಆ್ಯಪ್ ತುಂಬಿದರೆಂದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿಯುವುದು, ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. 2022ರ ಮಾರ್ಗಸೂಚಿಯಲ್ಲಿ ಕೆಲಸದ ಹೊರೆ, ಕೆಲಸದ ವ್ಯವಸ್ಥೆಯನ್ನೇ ತಿದ್ದುವುದನ್ನೂ ಸೇರಿಸಿತು. ಸ್ಲೈಡುಗಳಲ್ಲಿ ಮೊದಲನೆಯದು ಇರುತ್ತದೆ. ಎರಡನೆಯದು ಬರುವ ಹೊತ್ತಿಗೆ ಪಾಯಸ ಬಡಿಸುತ್ತಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಇಷ್ಟು ದೊಡ್ಡ ಸಭಾಂಗಣವೇ ಬೇಕೆ?

ಬೇಕಾಗಿರುವುದು ಒಂದು ಬಿಳಿ ಹಾಳೆ. ಕೈಯಲ್ಲಿರುವ ಕೆಲಸ, ಕೇಳಿದವರು ಯಾರು, ಗಡುವು ಯಾವತ್ತು, ಎಷ್ಟು ಗಂಟೆ ಹಿಡಿಯುತ್ತದೆ ಎಂದು ನಾಲ್ಕು ಕಾಲಂ. ಗಂಟೆ ಕೂಡಿಸಿ. ವಾರಕ್ಕೆ ಇರುವುದು 40, ಮೊತ್ತ ಬಂದದ್ದು 60 ಆದರೆ ಹಾಳೆಯನ್ನು ಮೇಲಿನವರ ಮುಂದಿಟ್ಟು 'ಯಾವ 20 ಗಂಟೆಯ ಕೆಲಸ ಮುಂದಕ್ಕೆ ಹಾಕಲಿ, ದಯವಿಟ್ಟು ಬರೆದುಕೊಡಿ' ಎನ್ನಿ. ಬಾಯಿಮಾತಿಗೆ ಬಿಡಬೇಡಿ. ಬರೆದುಕೊಡಿ ಎಂದೊಡನೆ ಎಷ್ಟೋ ಅತಿ ತುರ್ತುಗಳು ಬರೀ ತುರ್ತಾಗುತ್ತವೆ, ಕೆಲವು ಮಾಯವೇ ಆಗುತ್ತವೆ. ಕಾರ್ಯಾಗಾರದ ಕಿಟ್‌ನಲ್ಲಿ ಚೀಲ, ಪೆನ್ನು, ನೋಟ್‌ಪ್ಯಾಡ್ ಎಲ್ಲ ಉಂಟು. ಇಂಥ ಹಾಳೆ ಮಾತ್ರ ಇಲ್ಲ, ಅದನ್ನು ತುಂಬಿದರೆ ಓದಬೇಕಾದವರು ವೇದಿಕೆ ಮೇಲಿದ್ದಾರಲ್ಲ!

ಕೊನೆಗೆ ಜಿಪಿಎಸ್ ಫೋಟೋ. ಅಕ್ಷಾಂಶ, ರೇಖಾಂಶ, ನಗುಮುಖ ಮೂರೂ ಸ್ಪಷ್ಟವಾಗಿ ಕಾಣಬೇಕು. ಎಲ್ಲರೂ ಒಟ್ಟಿಗೆ ಅಪ್‌ಲೋಡಿಗೆ ಕೂತರೆ ಸರ್ವರ್ ಮಲಗುತ್ತದೆ. ಇಡೀ ಸಭಾಂಗಣದಲ್ಲಿ ನಿಜಕ್ಕೂ ವಿಶ್ರಾಂತಿ ಪಡೆಯುವುದು ಅದೊಂದೇ. ಅಭಿಪ್ರಾಯ ಫಾರಂನಲ್ಲಿ 'ಒತ್ತಡ ಎಷ್ಟು ಕಡಿಮೆಯಾಗಿದೆ?' ಎಂದು 1ರಿಂದ 5ರವರೆಗೆ ಅಂಕ. 3ಕ್ಕಿಂತ ಕಡಿಮೆ ಒತ್ತಿದರೆ 'ಕಾರಣ ವಿವರಿಸಿ' ಎಂಬ ಕಡ್ಡಾಯ ಪೆಟ್ಟಿಗೆ ತೆರೆಯುತ್ತದೆ, ಆದ್ದರಿಂದ ಎಲ್ಲರೂ 5 ಒತ್ತುತ್ತಾರೆ. ಸೋಮವಾರದ ಪ್ರಗತಿ ಪರಿಶೀಲನಾ ಸಭೆಯಲ್ಲಿ ಜಿಲ್ಲೆಯ ಒತ್ತಡ ನಿವಾರಣೆ ಶೇ 100 ಎಂದು ದಾಖಲಾಗುತ್ತದೆ. ಫೋಟೋ ಮಸುಕಾಗಿ ಬಂದವರು ಎರಡನೇ ಬ್ಯಾಚಿಗೆ.